ಕ್ಯಾನನ್ ಮುರಿಯುವುದು ಯಾವಾಗ? ಸ್ಟಾರ್ ಟ್ರೆಕ್‌ನ ಅರವತ್ತು ವರ್ಷದ ಲೆಕ್ಕ

2019ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಹ್ಯಾಕಾಶ ಕಥೆಗಳ ಟಿವಿ ಸೀರೀಸ್ ‘ಸ್ಟಾರ್ ಟ್ರೆಕ್: ಡಿಸ್ಕವರಿ’ಯ ಎರಡನೇ ಸೀಸನ್ ಮುಗಿಯಿತು. ಕೊನೆಯ ಎಪಿಸೋಡಿನಲ್ಲಿ ಡಿಸ್ಕವರಿ ಹಡಗು ಒಂಬೈನೂರು ಚಿಲ್ಲರೆ ವರ್ಷ ಮುಂದಕ್ಕೆ ಹಾರಿಹೋಗುತ್ತದೆ. ಹಿಂದೆ ಉಳಿದವರಿಗೆ ಎಂಟರ್‌ಪ್ರೈಸ್ ಎಂಬ ಹಡಗಿನ ಅಧಿಕಾರಿ ಸ್ಪಾಕ್ ಒಂದು ಸಲಹೆ ಕೊಡುತ್ತಾನೆ. ಆ ಹಡಗು, ಅದರ ವಿಚಿತ್ರ ಎಂಜಿನ್, ಅದರಲ್ಲಿದ್ದ ಜನ, ಯಾವುದರ ಬಗ್ಗೆಯೂ ಇನ್ನು ಯಾರೂ ಬಾಯಿ ಬಿಡಬಾರದು. ಬಿಟ್ಟರೆ ರಾಜದ್ರೋಹ.

ಕಥೆಯೊಳಗೆ ಇದಕ್ಕೊಂದು ಕಾರಣ ಕೊಟ್ಟಿದ್ದಾರೆ. ಅದೇ ಅಪಾಯ ಮತ್ತೆ ಬರಬಾರದು ಅಂತ. ಕಥೆಯ ಹೊರಗಿನ ಕಾರಣ ಇನ್ನೂ ಸರಳ. ಡಿಸ್ಕವರಿಯ ಕಥೆ ನಡೆಯುವುದು 1966ರ ಮೂಲ ಸೀರೀಸ್‌ನ ಕಾಲಕ್ಕಿಂತ ಸುಮಾರು ಹತ್ತು ವರ್ಷ ಮುಂಚೆ. ಅದರ ನಾಯಕಿ ಮೈಕಲ್ ಬರ್ನ್‌ಹ್ಯಾಮ್ ಸ್ಪಾಕ್‌ನ ಸಾಕು ಅಕ್ಕ. ಅವಳ ಹಡಗಿನಲ್ಲಿ ಎಷ್ಟೇ ದೂರವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುವ ಸ್ಪೋರ್ ಡ್ರೈವ್ ಇದೆ. ಹಾಗಾದರೆ ಇಷ್ಟು ಸೀರೀಸ್, ಇಷ್ಟು ಸಿನಿಮಾಗಳಲ್ಲಿ ಸ್ಪಾಕ್ ಒಂದು ಸಲವೂ ಅಕ್ಕನ ಹೆಸರು ಎತ್ತಲಿಲ್ಲ ಯಾಕೆ? ಮುಂದಿನ ಕಾಲದ ಕಥೆಯಾದ ‘ವಾಯೇಜರ್’ ಸೀರೀಸ್‌ನ ಹಡಗು ಗ್ಯಾಲಕ್ಸಿಯ ಇನ್ನೊಂದು ಕಡೆ ಸಿಕ್ಕಿಕೊಂಡು, ಮನೆಗೆ 75 ವರ್ಷದ ದಾರಿ ಅಂತ ಒದ್ದಾಡುವಾಗ ಈ ಎಂಜಿನ್ ಯಾರಿಗೂ ನೆನಪಾಗಲಿಲ್ಲ ಯಾಕೆ? ಮೊದಲ ಸೀಸನ್‌ನಿಂದಲೂ ನೋಡುಗರು ಕೇಳುತ್ತಿದ್ದ ಪ್ರಶ್ನೆ ಇದು. ಮಾತಾಡಿದರೆ ರಾಜದ್ರೋಹ ಅನ್ನುವುದು ಬರಹಗಾರರ ಉತ್ತರ.

ಲೆಕ್ಕವೇನೋ ಸರಿಹೋಯಿತು. ಸಮಾಧಾನ ಮಾತ್ರ ಆಗಲಿಲ್ಲ, ನನಗಂತೂ ಆಗಲಿಲ್ಲ. ಲೆಕ್ಕ ಸರಿ ಇದ್ದೂ ಏನೋ ತಪ್ಪಿದೆ ಅನ್ನಿಸುವುದುಂಟು. ಲೆಕ್ಕ ಪೂರ್ತಿ ತಪ್ಪಿದ್ದರೂ ಏನೂ ಅನ್ನಿಸದೇ ಇರುವುದೂ ಉಂಟು. ಕ್ಯಾನನ್ ಬಗ್ಗೆ ನಡೆಯುವ ಜಗಳಗಳಲ್ಲಿ ಈ ವ್ಯತ್ಯಾಸವೇ ಕಳೆದುಹೋಗುತ್ತದೆ. ನಾವು ತಾರೀಕು, ಸಮವಸ್ತ್ರ, ಹಣೆಯ ಮೇಲಿನ ಗೆರೆ ಹಿಡಿದು ಕಿತ್ತಾಡುತ್ತೇವೆ. ನಿಜವಾಗಿ ನೋವಾಗುವುದು ಬೇರೆ ಕಡೆ.

ಕ್ಯಾನನ್ ಅಂದರೆ ಇಷ್ಟೇ: ಈ ಕಥಾಲೋಕದಲ್ಲಿ ನಿಜವಾಗಿ ನಡೆದದ್ದು ಅಂತ ಎಲ್ಲರೂ ಒಪ್ಪಿಕೊಂಡ ವಿಷಯ. ಸ್ಟಾರ್ ಟ್ರೆಕ್‌ನಲ್ಲಿ ಇದರ ನಿಯಮ ಸುಲಭ. ತೆರೆಯ ಮೇಲೆ ಬಂದದ್ದು ಲೆಕ್ಕಕ್ಕಿದೆ. ನೂರಾರು ಕಾದಂಬರಿ, ಕಾಮಿಕ್ಸ್ ಬಂದಿವೆ, ಅವು ಲೆಕ್ಕಕ್ಕಿಲ್ಲ. ಈ ಸುಲಭದ ನಿಯಮವೂ ಗಟ್ಟಿಯಾಗಿ ನಿಂತಿಲ್ಲ. 1973-74ರಲ್ಲಿ ಬಂದ 22 ಎಪಿಸೋಡುಗಳ ಕಾರ್ಟೂನ್ ಸೀರೀಸನ್ನು ಎಂಬತ್ತರ ದಶಕದ ಕೊನೆಗೆ ಕ್ಯಾನನ್‌ನಿಂದ ಹೊರಗಿಟ್ಟರು. ಆದರೆ ಮೂಲ ಸೀರೀಸ್‌ನ ನಾಯಕ ಕ್ಯಾಪ್ಟನ್ ಕರ್ಕ್‌ನ ನಡುವಿನ ಹೆಸರು ಟೈಬೀರಿಯಸ್ ಅನ್ನುವುದು ಮೊದಲು ತೆರೆಗೆ ಬಂದದ್ದು ಅದೇ ಕಾರ್ಟೂನಿನಲ್ಲಿ. 1991ರ ಸಿನಿಮಾದಲ್ಲಿ ಆ ಹೆಸರು ಮತ್ತೆ ಬಂತು. ಬಾಗಿಲಿನಿಂದ ಹೊರಗೆ ಹಾಕಿದ್ದು ಕಿಟಕಿಯಿಂದ ಒಳಗೆ ಬಂತು.

ತಮಾಷೆ ಎಂದರೆ, ಇಷ್ಟೆಲ್ಲ ಜಗಳಕ್ಕೆ ಕಾರಣವಾದ ಮೂಲ ಸೀರೀಸ್‌ಗೆ ತನ್ನದೇ ಕ್ಯಾನನ್ ಬಗ್ಗೆ ಅಂಥ ಭಯಭಕ್ತಿ ಏನೂ ಇರಲಿಲ್ಲ. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾದಾಗ ಕಥೆ ಯಾವ ಶತಮಾನದ್ದು ಅಂತಲೇ ಖಚಿತವಿರಲಿಲ್ಲ. ಒಂದು ಎಪಿಸೋಡಿನ ಪ್ರಕಾರ ಇನ್ನೂರು ವರ್ಷ ಮುಂದಿನ ಕಥೆ. ಇನ್ನೊಂದರ ಮಾತು ಹಿಡಿದು ಲೆಕ್ಕ ಹಾಕಿದರೆ 2700ರ ಆಚೆಗೆ ಹೋಗುತ್ತದೆ. ಸ್ಟಾರ್‌ಡೇಟ್ ಅಂತ ಕ್ಯಾಪ್ಟನ್ ಗಂಭೀರವಾಗಿ ಹೇಳುವ ಸಂಖ್ಯೆಗೆ ಹಿಂದೆ ಮುಂದೆ ಏನೂ ಇರಲಿಲ್ಲ. ಯಾವುದಾದರೂ ನಾಲ್ಕು ಅಂಕಿ ಆರಿಸಿಕೊಳ್ಳಿ ಅಂತ ಬರಹಗಾರರ ಕೈಪಿಡಿಯೇ ಹೇಳಿತ್ತು. ಒಂದು ಆರಂಭದ ಎಪಿಸೋಡಿನಲ್ಲಿ ಕರ್ಕ್‌ಗಾಗಿ ಸಿದ್ಧವಾದ ಗೋರಿಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಅಂತ ಕೆತ್ತಿದೆ. ಟಿ ಅಲ್ಲ, ಆರ್. ಇನ್ನು ಫೆಡರೇಷನ್, ಅಂದರೆ ಗ್ರಹಗಳ ಒಕ್ಕೂಟ? ಸ್ಟಾರ್ ಟ್ರೆಕ್ ಅಂದರೆ ಫೆಡರೇಷನ್ ಅನ್ನುವಷ್ಟು ಮುಖ್ಯವಾದ ಆ ಸಂಸ್ಥೆಯ ಹೆಸರು ಮೊದಲ ಸಲ ಕೇಳಿಬಂದದ್ದು 1967ರ ಜನವರಿಯಲ್ಲಿ, ‘ಅರೀನಾ’ ಎಪಿಸೋಡಿನಲ್ಲಿ. ಅಷ್ಟರಲ್ಲಿ ಮೊದಲ ಸೀಸನ್ ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು.

ಇದನ್ನು ಬೇಜವಾಬ್ದಾರಿ ಅನ್ನಲಾಗದು. ಆಗ ಎಪಿಸೋಡ್ ಒಮ್ಮೆ ಪ್ರಸಾರವಾದರೆ ಮುಗಿಯಿತು. ಮರುಪ್ರಸಾರ ಇತ್ತು, ಆದರೆ ನಿಲ್ಲಿಸಿ, ಹಿಂದೆ ತಿರುಗಿಸಿ, ಗೋರಿಕಲ್ಲಿನ ಅಕ್ಷರ ಓದುವ ಸೌಲಭ್ಯ ಮನೆಗಳಲ್ಲಿ ಇರಲಿಲ್ಲ. ಇದನ್ನೆಲ್ಲ ಯಾರೋ ಒಂದು ದಿನ ಪಕ್ಕಪಕ್ಕ ಇಟ್ಟು ನೋಡುತ್ತಾರೆ ಅಂತ ಬರಹಗಾರರಿಗೆ ಕನಸೂ ಬಿದ್ದಿರಲಿಲ್ಲ. ಎಪ್ಪತ್ತರ ದಶಕದ ಮರುಪ್ರಸಾರಗಳು ಅಭಿಮಾನಿಗಳನ್ನು ಹುಟ್ಟಿಸಿದವು. ‘ದಿ ನೆಕ್ಸ್ಟ್ ಜನರೇಷನ್’ ಸೀರೀಸ್ 1988ರಲ್ಲಿ ಒಂದು ಎಪಿಸೋಡಿನೊಳಗೆ 2364 ಅಂತ ಇಸವಿಯನ್ನೇ ಹೇಳಿಬಿಟ್ಟಿತು. 1993ರಲ್ಲಿ ಅದೇ ತಂಡದಲ್ಲಿದ್ದ ಮೈಕಲ್ ಒಕುಡಾ ಮತ್ತು ಡೆನಿಸ್ ಒಕುಡಾ ಇಡೀ ಕಥಾಲೋಕದ ಕಾಲಗಣನೆಯ ಪುಸ್ತಕ ತಂದರು. ಸಡಿಲವಾಗಿದ್ದ ಕಥೆಗಳು ಕ್ಯಾಲೆಂಡರ್ ಆದವು. ಕ್ಯಾಲೆಂಡರ್ ಬಂದ ಮೇಲೆ ತಪ್ಪು ಹುಡುಕುವವರೂ ಬರಬೇಕಲ್ವಾ?

ಈಗ ಆ ಜಗಳಗಳಿಗೆ ಬರೋಣ. ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಕ್ಲಿಂಗಾನರು ಎಂಬ ಅನ್ಯಗ್ರಹದ ಜನರ ಹಣೆ. ಅರವತ್ತರ ದಶಕದಲ್ಲಿ ಅವರು ಬಣ್ಣ ಬಳಿದ, ಮೀಸೆ ಬಿಟ್ಟ ಮನುಷ್ಯರ ಹಾಗೆಯೇ ಇದ್ದರು. ಬಜೆಟ್ ಅಷ್ಟೇ ಇತ್ತು. 1979ರ ಸಿನಿಮಾಗೆ ದುಡ್ಡಿತ್ತು, ಹಣೆಯ ಮೇಲೆ ಏಣುಗಳು ಬಂದವು. ಯಾಕೆ ಬಂದವು ಅಂತ ಯಾರೂ ವಿವರಿಸಲಿಲ್ಲ. ಮೊದಲಿನಿಂದಲೂ ಹೀಗೇ ಇದ್ದರು, ತೋರಿಸಲು ಆಗಿರಲಿಲ್ಲ ಅಂದುಕೊಂಡು ನೋಡುಗರು ಸುಮ್ಮನಾದರು. 1996ರಲ್ಲಿ ‘ಡೀಪ್ ಸ್ಪೇಸ್ ನೈನ್’ನ ಪಾತ್ರಗಳು ಕಾಲದಲ್ಲಿ ಹಿಂದೆ ಹೋಗಿ, ಹಳೆಯ ಎಪಿಸೋಡಿನ ದೃಶ್ಯಗಳ ಒಳಗೇ ನುಗ್ಗಿದವು. ಅಲ್ಲಿ ಸಪಾಟು ಹಣೆಯ ಕ್ಲಿಂಗಾನರು ಎದುರೇ ಕೂತಿದ್ದಾರೆ. ಜೊತೆಗಾರರು ಪ್ರಶ್ನಾರ್ಥಕವಾಗಿ ವರ್ಫ್ ಕಡೆ ತಿರುಗುತ್ತಾರೆ. ಅವನೂ ಕ್ಲಿಂಗಾನ್ ತಾನೆ. ಹೊರಗಿನವರ ಹತ್ತಿರ ನಾವು ಈ ವಿಷಯ ಮಾತಾಡುವುದಿಲ್ಲ ಅಂತ ಅವನು ಮುಖ ಗಂಟು ಹಾಕಿಕೊಳ್ಳುತ್ತಾನೆ.

ಅಷ್ಟಕ್ಕೇ ಬಿಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಆ ಒಂದು ಸಾಲಿನಲ್ಲಿ ಎಲ್ಲವೂ ಇತ್ತು. ವ್ಯತ್ಯಾಸ ನಮಗೂ ಗೊತ್ತು ಎಂಬ ಒಪ್ಪಿಗೆ, ಕ್ಲಿಂಗಾನರ ಸ್ವಾಭಿಮಾನ, ಒಂದು ನಗು. 2005ರಲ್ಲಿ ‘ಎಂಟರ್‌ಪ್ರೈಸ್’ ಸೀರೀಸ್ ಎರಡು ಎಪಿಸೋಡ್ ಖರ್ಚು ಮಾಡಿ, ತಳಿ ತಿದ್ದುವ ಪ್ರಯೋಗ ಕೆಟ್ಟು ವೈರಸ್ ಹರಡಿ ಹಣೆಗಳು ಸಪಾಟಾದವು ಅಂತ ವಿವರಿಸಿತು. ಕಥೆ ಕೆಟ್ಟದಾಗಿಯೇನೂ ಇಲ್ಲ. ಆದರೆ ಮೇಕಪ್ ಬಜೆಟ್‌ನ ಕೊರತೆಗೆ ಇತಿಹಾಸದ ಸ್ಥಾನ ಸಿಕ್ಕಿತು. ಆಮೇಲೆ 2017ರಲ್ಲಿ ಡಿಸ್ಕವರಿ ಕೂದಲೇ ಇಲ್ಲದ, ಉದ್ದ ತಲೆಯ ಹೊಸ ಕ್ಲಿಂಗಾನರನ್ನು ತಂದಿತು. ಗದ್ದಲ ಎದ್ದಿತು. ಎರಡನೇ ಸೀಸನ್‌ಗೆ ಕೂದಲು ಬಂತು. 2022ರಲ್ಲಿ ಶುರುವಾದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸುಮ್ನೆ ಹಳೆಯ ಏಣಿನ ಹಣೆಗೇ ಮರಳಿತು, ವಿವರಣೆ ಕೊಡದೆ. ಯಾರಿಗೂ ತೊಂದರೆ ಆಗಲಿಲ್ಲ.

ನೋಟ ಬದಲಾಗುವುದನ್ನು ನೋಡುಗರು ಸಹಿಸಿಕೊಳ್ಳುತ್ತಾರೆ. ಘಟನೆ ಬದಲಾದರೂ ಎಷ್ಟೋ ಸಲ ಸಹಿಸಿಕೊಳ್ಳುತ್ತಾರೆ. 1982ರ ಸಿನಿಮಾದಲ್ಲಿ ಖಳನಾಯಕ ಖಾನ್, ಎಂಟರ್‌ಪ್ರೈಸ್‌ನಲ್ಲಿದ್ದ ಅಧಿಕಾರಿ ಚೆಕೋವ್‌ನನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ಖಾನ್ ಬಂದುಹೋದದ್ದು ಮೊದಲ ಸೀಸನ್‌ನಲ್ಲಿ, ಚೆಕೋವ್ ಸೀರೀಸ್‌ಗೆ ಸೇರಿದ್ದು ಎರಡನೇ ಸೀಸನ್‌ನಲ್ಲಿ. ಇಬ್ಬರೂ ಭೇಟಿಯಾಗಿರಲು ಸಾಧ್ಯವೇ ಇಲ್ಲ. ಹಾಗಿದ್ದೂ ಅದು ಎಲ್ಲರ ಮೆಚ್ಚಿನ ಸ್ಟಾರ್ ಟ್ರೆಕ್ ಸಿನಿಮಾಗಳಲ್ಲಿ ಒಂದು.

ಟ್ರಿಲ್ ಅನ್ನುವ ಜನರ ಕಥೆ ಇನ್ನೂ ಚೆನ್ನಾಗಿದೆ. 1991ರಲ್ಲಿ ಅವರು ಮೊದಲ ಸಲ ಬಂದಾಗ ಹಣೆ ಉಬ್ಬಿತ್ತು. ಹೊಟ್ಟೆಯೊಳಗೆ ವಾಸಿಸುವ ಹುಳುವಿನಂಥ ಜೀವಿಯೇ ನಿಜವಾದ ವ್ಯಕ್ತಿ, ಹೊರಗಿನ ದೇಹ ಬರೀ ಗಾಡಿ. ಜನರನ್ನು ಕ್ಷಣದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಟ್ರಾನ್ಸ್‌ಪೋರ್ಟರ್ ಯಂತ್ರ ಬಳಸಿದರೆ ಒಳಗಿನ ಜೀವಕ್ಕೆ ಅಪಾಯ. 1993ರಲ್ಲಿ ಡೀಪ್ ಸ್ಪೇಸ್ ನೈನ್ ಶುರುವಾದಾಗ ಜಾಡ್ಜಿಯಾ ಡ್ಯಾಕ್ಸ್ ಎಂಬ ಟ್ರಿಲ್ ಮುಖ್ಯ ಪಾತ್ರವಾದಳು. ಹಣೆಯ ಉಬ್ಬು ಹೋಗಿ ಕೆನ್ನೆಯ ಪಕ್ಕ ಚುಕ್ಕೆಗಳು ಬಂದವು. ಟ್ರಾನ್ಸ್‌ಪೋರ್ಟರ್ ಧಾರಾಳವಾಗಿ ಬಳಸುತ್ತಾಳೆ. ಒಳಗಿನ ಜೀವ ಮತ್ತು ಹೊರಗಿನ ದೇಹ ಎರಡೂ ಬೆರೆತು ಒಬ್ಬ ಮೂರನೆಯ ವ್ಯಕ್ತಿ ಹುಟ್ಟುತ್ತಾಳೆ. ಹಳೆಯದರ ಜೊತೆ ಒಂದೂ ಹೊಂದುವುದಿಲ್ಲ. ಕ್ಷಮೆಯೂ ಇಲ್ಲ, ವಿವರಣೆಯೂ ಇಲ್ಲ. ಆದರೆ ಹಳೆಯ ಎಪಿಸೋಡ್ ಎತ್ತಿದ್ದ ಪ್ರಶ್ನೆ, ಅಂದರೆ ದೇಹ ಬದಲಾದರೆ ನಾನು ಪ್ರೀತಿಸಿದ ವ್ಯಕ್ತಿ ಅವನೇನಾ ಅನ್ನುವುದು, ಅದನ್ನು ಹೊಸ ಸೀರೀಸ್ ಕೈಬಿಡಲಿಲ್ಲ. ಏಳು ವರ್ಷ ಅದನ್ನೇ ಬೇರೆ ಬೇರೆ ಕಡೆಯಿಂದ ಕೆದಕಿತು. ಅಕ್ಷರ ಮೀರಿ ಕಥೆಯನ್ನು ಉಳಿಸಿಕೊಂಡದ್ದು ಅಂದರೆ ಇದು.

ಇದರ ಪೂರ್ತಿ ಉಲ್ಟಾ ಉದಾಹರಣೆ 2009ರ ನಂತರದ ಸಿನಿಮಾಗಳು. ಕ್ಯಾನನ್ ದೃಷ್ಟಿಯಿಂದ ಆ ಸಿನಿಮಾಗಳ ಮೇಲೆ ಕೇಸೇ ಹಾಕಲಾಗದು. ರೋಮ್ಯುಲನ್ ಎಂಬ ಶತ್ರು ಜನರ ಹಡಗೊಂದು 2233ಕ್ಕೆ ಹಿಂದಿರುಗಿ ಇತಿಹಾಸ ಬದಲಿಸುತ್ತದೆ, ಅಲ್ಲಿಂದ ಬೇರೆಯೇ ಟೈಮ್‌ಲೈನ್. ಹಳೆಯದು ಹಾಗೇ ಇದೆ, ಇದು ಇನ್ನೊಂದು. ಸಾಕ್ಷಿಗೆ ಲಿಯೊನಾರ್ಡ್ ನಿಮೊಯ್ ಅವರೇ ಹಳೆಯ ಸ್ಪಾಕ್ ಆಗಿ ಬಂದರು. ಬುದ್ಧಿವಂತಿಕೆಯ ಏರ್ಪಾಡು, ಒಪ್ಪುತ್ತೇನೆ. ಆದರೆ 2013ರ ಎರಡನೇ ಸಿನಿಮಾದಲ್ಲಿ ಖಾನ್ ಭೂಮಿಯಿಂದ ನೇರವಾಗಿ ಕ್ಲಿಂಗಾನರ ಗ್ರಹಕ್ಕೆ ಟ್ರಾನ್ಸ್‌ಪೋರ್ಟರ್‌ನಲ್ಲೇ ಹೋಗಿಬಿಡುತ್ತಾನೆ. ಗ್ರಹದಿಂದ ಗ್ರಹಕ್ಕೆ ಹೀಗೆ ಹಾರಬಹುದಾದರೆ ಹಡಗು ಯಾಕೆ ಬೇಕು? ಅದೇ ಸಿನಿಮಾದ ಕೊನೆಗೆ ಖಾನ್‌ನ ರಕ್ತ ಸತ್ತ ಕರ್ಕ್‌ನನ್ನು ಎಬ್ಬಿಸುತ್ತದೆ. ಇನ್ನು ಮುಂದೆ ಯಾರಾದರೂ ಸತ್ತರೆ ನಾವು ಯಾಕೆ ಅಳಬೇಕು?

ಇಲ್ಲಿ ಯಾವ ಹಳೆಯ ಎಪಿಸೋಡನ್ನೂ ಸುಳ್ಳು ಮಾಡಿಲ್ಲ. ಹಾಳಾದದ್ದು ಬೆಲೆ. ದೂರ ಅಂದರೆ ದೂರ, ಸಾವು ಅಂದರೆ ಸಾವು ಅನ್ನುವ ನಂಬಿಕೆ. ಸ್ಪೋರ್ ಡ್ರೈವ್‌ನ ತೊಂದರೆಯೂ ಇದೇ. ಸ್ಪಾಕ್‌ಗೆ ಅಕ್ಕ ಇದ್ದದ್ದು ನನಗೆ ದೊಡ್ಡ ಸಮಸ್ಯೆ ಅಲ್ಲ. ಅವನು ಮನೆಯ ವಿಷಯ ಹೇಳುವ ಜಾತಿಯೇ ಅಲ್ಲ. 1967ರಲ್ಲಿ ಅಪ್ಪ ಅಮ್ಮ ಎಂಟರ್‌ಪ್ರೈಸ್ ಹಡಗಿಗೇ ಬಂದು ಎದುರು ನಿಂತಾಗಲೂ ಕರ್ಕ್‌ಗೆ ಅವರು ಯಾರು ಅಂತ ಗೊತ್ತಿರಲಿಲ್ಲ. 1989ರ ಸಿನಿಮಾದಲ್ಲಿ ಹೇಳದೇ ಕೇಳದೇ ಒಬ್ಬ ಮಲಸಹೋದರ ಹುಟ್ಟಿಕೊಂಡ. ಇವನ ಮೌನಕ್ಕೆ ರಾಜದ್ರೋಹದ ಬೆದರಿಕೆ ಬೇಕಿರಲಿಲ್ಲ, ಸ್ವಭಾವವೇ ಸಾಕಿತ್ತು. ಬಚ್ಚಿಡಲೇಬೇಕಾದದ್ದು ಎಂಜಿನ್ ಒಂದನ್ನೇ. ಯಾಕೆಂದರೆ ಅದು ಇದ್ದರೆ ಮುಂದಿನ ನೂರು ವರ್ಷದ ಕಥೆಗಳೆಲ್ಲ ಪೆದ್ದಾಗುತ್ತವೆ.

ಬೋರ್ಗ್ ಎಂಬ ಅರೆಯಂತ್ರ ಶತ್ರುಗಳಿಗೆ ಆದ ಗತಿ ನೋಡಿ. 1989ರಲ್ಲಿ ಬಂದಾಗ ಅವರ ಜೊತೆ ಮಾತುಕತೆ ಇಲ್ಲ, ಸಂಧಾನ ಇಲ್ಲ, ಗೆಲುವಂತೂ ಇಲ್ಲವೇ ಇಲ್ಲ. ಒಂದೇ ಒಂದು ಹಡಗು ಬಂದರೆ ಫೆಡರೇಷನ್ನಿನ ಹಡಗುಪಡೆ ಸ್ಟಾರ್‌ಫ್ಲೀಟ್ ಇಡಿಯಾಗಿ ನಡುಗಬೇಕು. ‘ವಾಯೇಜರ್’ ಕಾಲಕ್ಕೆ ಒಂಟಿ ಸಣ್ಣ ಹಡಗು ಅವರ ಊರಿನೊಳಗೇ ಓಡಾಡಿಕೊಂಡು, ಕದ್ದು, ಹೊಡೆದು, ಸೀಸನ್ನಿಗೆ ಒಂದೆರಡು ಸಲ ತಪ್ಪಿಸಿಕೊಂಡು ಬರುತ್ತಿತ್ತು. ತಾರೀಕು ತಪ್ಪಿಲ್ಲ, ಹೆಸರು ತಪ್ಪಿಲ್ಲ. ಹೆದರಿಕೆ ಮಾತ್ರ ಇಲ್ಲ. ಇದನ್ನು ಕ್ಯಾನನ್ ತಪ್ಪು ಅಂತ ಯಾವ ಪಟ್ಟಿಯಲ್ಲೂ ಬರೆಯುವುದಿಲ್ಲ. ನನ್ನ ಪಟ್ಟಿಯಲ್ಲಿ ಅದು ಹಣೆಯ ಏಣಿಗಿಂತ ಬಹಳ ಮೇಲಿದೆ.

ಬ್ರಿಟನ್ನಿನ ‘ಡಾಕ್ಟರ್ ಹೂ’ ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದ ಸೀರೀಸ್. ಶುರುವಾದದ್ದು 1963ರ ನವೆಂಬರ್ 23ರಂದು. ಯಾವುದು ಕ್ಯಾನನ್, ಯಾವುದು ಅಲ್ಲ ಅಂತ ಬಿಬಿಸಿ ಯಾವತ್ತೂ ತೀರ್ಪು ಕೊಟ್ಟಿಲ್ಲ. ಅರವತ್ತರ ದಶಕದ ಎಷ್ಟೋ ಎಪಿಸೋಡುಗಳ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿತ್ತು. ಮೂಲ ಪಠ್ಯವೇ ಇಲ್ಲದ ಮೇಲೆ ಶುದ್ಧಿಯ ಮಾತೆಲ್ಲಿ? 1967, 1971, 1972ರ ಮೂರು ಕಥೆಗಳು ಅಟ್ಲಾಂಟಿಸ್ ಮುಳುಗಿದ್ದಕ್ಕೆ ಮೂರು ಬೇರೆ ಬೇರೆ ಕಾರಣ ಕೊಡುತ್ತವೆ. ಯುನಿಟ್ ಅನ್ನುವ ಸೇನಾ ತಂಡದ ಕಥೆಗಳು ಎಪ್ಪತ್ತರ ದಶಕದ್ದೋ ಎಂಬತ್ತರದ್ದೋ ಅನ್ನುವುದು ಇನ್ನೂ ಬಗೆಹರಿದಿಲ್ಲ. 2013ರ ಐವತ್ತನೇ ವರ್ಷದ ವಿಶೇಷ ಎಪಿಸೋಡಿನಲ್ಲಿ ಪಾತ್ರವೊಂದು ಅದನ್ನೇ ಜೋಕ್ ಮಾಡಿ ಮುಂದೆ ಹೋಗುತ್ತದೆ.

ಇಷ್ಟು ಸಡಿಲ ಇರುವ ಸೀರೀಸ್‌ನಲ್ಲೂ ಒಂದು ನಿಯಮ ಗಟ್ಟಿಯಾಗಿ ನಿಂತಿತ್ತು. ನಾಯಕ ಡಾಕ್ಟರ್ ಸಾಯುವ ಹೊತ್ತಿಗೆ ರೂಪ ಬದಲಿಸಿ ಬದುಕುತ್ತಾನೆ, ಅವನ ಜನಾಂಗದ ಹೆಸರು ಟೈಮ್ ಲಾರ್ಡ್. 1976ರ ಕಥೆಯೊಂದು ಟೈಮ್ ಲಾರ್ಡ್‌ಗೆ ಹನ್ನೆರಡು ಸಲ ಮಾತ್ರ ರೂಪ ಬದಲಿಸಲು ಸಾಧ್ಯ ಅಂತ ಹೇಳಿಬಿಟ್ಟಿತ್ತು. ಬರೆದವರಿಗೆ ಹದಿಮೂರನೇ ಡಾಕ್ಟರ್ ಬರುವ ತನಕ ಸೀರೀಸ್ ಬದುಕುತ್ತದೆ ಅನ್ನುವ ನಿರೀಕ್ಷೆ ಎಲ್ಲಿತ್ತು? ಆ ಲೆಕ್ಕ 2013ರ ಕ್ರಿಸ್‌ಮಸ್‌ಗೆ ಮುಗಿಯಿತು. ನಿಯಮವನ್ನು ಮರೆತಂತೆ ನಟಿಸಬಹುದಿತ್ತು. ಬದಲಿಗೆ ಬರಹಗಾರರು ಅದನ್ನೇ ಕಥೆ ಮಾಡಿದರು. ಜನ್ಮಗಳೆಲ್ಲ ಮುಗಿದ ಡಾಕ್ಟರ್ ಒಂದು ಊರನ್ನು ಕಾಯುತ್ತಾ ಅಲ್ಲೇ ಮುದುಕನಾಗುತ್ತಾನೆ. ಹೊಸ ಜನ್ಮಗಳು ಸಿಗುತ್ತವೆ, ಆದರೆ ಸಾಯಲು ಸಿದ್ಧನಾದ ಮೇಲೆ. ನಿಯಮ ಮುರಿದರೂ ಅದರ ತೂಕ ಉಳಿಯಿತು.

2020ರ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಎಪಿಸೋಡ್ ಬೇರೆ ಥರದ್ದು. ಡಾಕ್ಟರ್ ಟೈಮ್ ಲಾರ್ಡ್‌ಗಳಲ್ಲಿ ಒಬ್ಬನಲ್ಲ, ಬೇರೆಲ್ಲಿಂದಲೋ ಬಂದ ಮಗು. ಆ ಮಗುವಿನಿಂದಲೇ ಟೈಮ್ ಲಾರ್ಡ್‌ಗಳಿಗೆ ರೂಪ ಬದಲಿಸುವ ಶಕ್ತಿ ಸಿಕ್ಕಿತು ಅಂತ ಅದು ಹೇಳಿತು. 1976ರ ಇನ್ನೊಂದು ಕಥೆಯಲ್ಲಿ ಕಾಣಿಸಿದ್ದ ಗುರುತಿಲ್ಲದ ಮುಖಗಳಿಗೂ ಇದರಿಂದ ಉತ್ತರ ಸಿಕ್ಕಿತು. ಅಂದರೆ ಇದನ್ನು ಬರೆದವರು ಕ್ಯಾನನ್ ಗೊತ್ತಿಲ್ಲದವರಲ್ಲ, ಜಾಸ್ತಿ ಗೊತ್ತಿದ್ದವರು. ಆದರೂ ಇದು ಅಟ್ಲಾಂಟಿಸ್ ಮೂರು ಸಲ ಮುಳುಗಿದ್ದಕ್ಕಿಂತ ದೊಡ್ಡ ಪೆಟ್ಟು ಅಂತ ನನಗನ್ನಿಸುತ್ತದೆ. ಹಳೆಯ ಡಾಕ್ಟರ್ ಒಬ್ಬ ಸಾಧಾರಣ ಟೈಮ್ ಲಾರ್ಡ್. ಬೇಸರಪಟ್ಟು, ಹಳೆಯ ಯಂತ್ರವೊಂದನ್ನು ಕದ್ದು ಓಡಿಬಂದವನು. ಅವನು ಒಳ್ಳೆಯವನಾದದ್ದು ಆಯ್ಕೆಯಿಂದ, ಹುಟ್ಟಿನಿಂದಲ್ಲ. ಹೊಸ ಕಥೆ ಅವನ ದೊಡ್ಡತನವನ್ನು ಹುಟ್ಟಿಗೇ ಕಟ್ಟಿಹಾಕಿತು.

ಆಮೇಲೆ ನಡೆದದ್ದನ್ನೂ ಹೇಳಬೇಕು. ಮುಂದೆ ಸೀರೀಸ್‌ನ ಹೊಣೆ ಹೊತ್ತ ರಸಲ್ ಟಿ. ಡೇವಿಸ್ ಇದನ್ನು ಅಳಿಸಿಹಾಕಬಹುದಿತ್ತು, ಎಷ್ಟೋ ಅಭಿಮಾನಿಗಳು ಅದನ್ನೇ ಕಾಯುತ್ತಿದ್ದರು. ಅವರು ಅಳಿಸಲಿಲ್ಲ. 2023ರ ಕ್ರಿಸ್‌ಮಸ್ ಎಪಿಸೋಡಿನಲ್ಲಿ ಹೊಸ ಜೊತೆಗಾತಿ ರೂಬಿ, ಹೆತ್ತವರು ಯಾರೆಂದು ಗೊತ್ತಿಲ್ಲದೆ ಸಾಕುಮನೆಯಲ್ಲಿ ಬೆಳೆದವಳು. ತಾನೂ ಹಾಗೇ ಸಿಕ್ಕ ಮಗು ಅಂತ ಡಾಕ್ಟರ್ ಹೇಳುತ್ತಾನೆ. ಹಿಂದಿನವರ ಮಹಾ ರಹಸ್ಯ ಒಂದು ಸಣ್ಣ ಮನುಷ್ಯ ದುಃಖವಾಯಿತು. ತನಗೆ ಇಷ್ಟವಾದ ಹಳೆಯದನ್ನು ಗೌರವಿಸುವುದು ಸುಲಭ. ಕೈಗೆ ಬಂದದ್ದರಲ್ಲಿ ಬೇಡದ್ದನ್ನೂ ಹೊತ್ತುಕೊಂಡು ಉಪಯೋಗಕ್ಕೆ ತರುವುದು ಕಷ್ಟದ ಕೆಲಸ.

ಹಾಗಾದರೆ ಈ ತಂಟೆ ಈಗೀಗ ಜಾಸ್ತಿಯಾಗಿದ್ದು ಯಾಕೆ? ಮುಖ್ಯ ಕಾರಣ ಪ್ರೀಕ್ವೆಲ್, ಅಂದರೆ ಹಳೆಯ ಕಥೆಗಿಂತ ಮುಂಚಿನ ಕಾಲದ ಕಥೆ. ಕಥೆ ಮುಂದಕ್ಕೆ ಹೋದರೆ ಕ್ಯಾನನ್ ತಡೆಯುವುದು ಕಡಿಮೆ. ಹಿಂದಕ್ಕೆ ಹೋದರೆ ಹೆಜ್ಜೆಹೆಜ್ಜೆಗೂ ಗೋಡೆ. ಆದರೂ ಸ್ಟುಡಿಯೋಗಳಿಗೆ ಹಿಂದಕ್ಕೆ ಹೋಗುವ ಆಸೆ, ಯಾಕೆಂದರೆ ಜನರಿಗೆ ಗೊತ್ತಿರುವ ಹೆಸರುಗಳೆಲ್ಲ ಅಲ್ಲಿವೆ. ಸ್ಪಾಕ್ ಇದ್ದಾನೆ, ಎಂಟರ್‌ಪ್ರೈಸ್ ಇದೆ. ಸ್ಟ್ರೀಮಿಂಗ್ ಪೈಪೋಟಿಯಲ್ಲಿ ಗೊತ್ತಿರುವ ಹೆಸರಿಗೇ ಬೆಲೆ. 2022 ಒಂದೇ ವರ್ಷದಲ್ಲಿ ಐದು ಬೇರೆ ಬೇರೆ ಸ್ಟಾರ್ ಟ್ರೆಕ್ ಸೀರೀಸ್‌ಗಳ ಹೊಸ ಎಪಿಸೋಡುಗಳು ಬಂದವು. ಹಳೆಯ ಸೀರೀಸ್‌ಗಳೂ ಅದೇ ಆ್ಯಪಿನಲ್ಲಿ, ಪಕ್ಕದಲ್ಲೇ. ಹೋಲಿಸಿ ನೋಡಿ ಅಂತ ಅವರೇ ಕೈಗೆ ಕೊಟ್ಟ ಹಾಗೆ.

ಗೊತ್ತಿರುವ ಹೆಸರು ಬೇಕು, ಅದರ ಕಟ್ಟುಪಾಡು ಬೇಡ. ಈ ಎರಡರ ನಡುವೆ ಸಿಕ್ಕಿದ ಬರಹಗಾರರು ನುಸುಳುವ ದಾರಿ ಹುಡುಕುತ್ತಾರೆ. ಇನ್ನೊಂದು ಪ್ರೀಕ್ವೆಲ್ ಆದ ‘ಎಂಟರ್‌ಪ್ರೈಸ್’ ಸೀರೀಸ್‌ನ ಕಾಲದಲ್ಲಿ ಫೆರೆಂಗಿ ಎಂಬ ಅನ್ಯಗ್ರಹದ ಜನರ ಪರಿಚಯ ಮನುಷ್ಯರಿಗೆ ಆಗಿರಲಿಲ್ಲ. ಆದರೂ ಫೆರೆಂಗಿಗಳನ್ನು ತಂದರು, ಅವರ ಬಾಯಿಂದ ‘ನಾವು ಫೆರೆಂಗಿ’ ಅಂತ ಮಾತ್ರ ಹೇಳಿಸಲಿಲ್ಲ. 2003ರಲ್ಲಿ ಬೋರ್ಗ್ ವಿಷಯದಲ್ಲೂ ಇದೇ ಉಪಾಯ, ಹೆಸರು ಬರದ ಹಾಗೆ ನೋಡಿಕೊಂಡರು. ಕಾನೂನು ಪಾಲನೆಯೇನೋ ಆಯಿತು. ನೋಡುಗರು ಅಷ್ಟು ದಡ್ಡರಾ?

ಎಪಿಸೋಡುಗಳ ಸಂಖ್ಯೆಯದ್ದೂ ಒಂದು ಪಾತ್ರ ಇದೆ, ಅದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ತೊಂಬತ್ತರ ದಶಕದಲ್ಲಿ ಒಂದು ಸೀಸನ್‌ಗೆ 26ರ ಆಸುಪಾಸು ಎಪಿಸೋಡು. 1996ರ ವಾಯೇಜರ್ ಎಪಿಸೋಡೊಂದರಲ್ಲಿ ವಾರ್ಪ್ ಹತ್ತರ ವೇಗ ಮುಟ್ಟಿ, ಕ್ಯಾಪ್ಟನ್ ಮತ್ತು ಪೈಲಟ್ ಇಬ್ಬರೂ ಹಲ್ಲಿಯಂಥ ಪ್ರಾಣಿಗಳಾಗಿ ಮರಿ ಹಾಕುತ್ತಾರೆ. ನಂಬಿ, ಇದು ನಿಜವಾಗಿ ಪ್ರಸಾರವಾಗಿದೆ. ಮುಂದಿನ ವಾರ ಬೇರೆ ಕಥೆ ಬಂತು, ಎಲ್ಲರೂ ಮರೆತರು. ಈಗ ಹತ್ತು ಎಪಿಸೋಡಿನ ಸೀಸನ್, ಎಷ್ಟೋ ಸಲ ಹತ್ತೂ ಸೇರಿ ಒಂದೇ ಕಥೆ. ಒಂದು ತಪ್ಪು ತೀರ್ಮಾನ ಮಾಡಿದರೆ ಅದು ಇಡೀ ವರ್ಷದ ನಡುಮನೆಯಲ್ಲಿ ಕೂತಿರುತ್ತದೆ.

ಕ್ಯಾನನ್ ಹೆಸರಲ್ಲಿ ಬಂದ ಎಲ್ಲ ಸಿಟ್ಟೂ ಕ್ಯಾನನ್‌ಗೆ ಸಂಬಂಧಿಸಿದ್ದಲ್ಲ ಅನ್ನುವುದೂ ನಿಜ. ಡಿಸ್ಕವರಿಯ ನಾಯಕಿ ಕಪ್ಪು ಮಹಿಳೆ ಅನ್ನುವುದೇ ಕೆಲವರಿಗೆ ತೊಂದರೆಯಾಗಿತ್ತು, ತಾರೀಕುಗಳು ನೆಪ. ಅಂಥವರ ಜೊತೆ ಲೆಕ್ಕ ಚರ್ಚಿಸಿ ಪ್ರಯೋಜನವಿಲ್ಲ. ಆದರೆ ಅವರನ್ನು ತೋರಿಸಿ, ಪ್ರಶ್ನೆ ಕೇಳಿದವರೆಲ್ಲ ಹೀಗೇ ಅಂತ ತಳ್ಳಿಹಾಕುವುದು ಕೂಡ ಸುಲಭದ ತಪ್ಪಿಸಿಕೊಳ್ಳುವಿಕೆ.

ಕೆಲವು ಸಲ ಎರಡು ಕ್ಯಾನನ್‌ಗಳೇ ಎದುರಾಗುತ್ತವೆ. 1967ರ ‘ಸ್ಪೇಸ್ ಸೀಡ್’ ಎಪಿಸೋಡಿನ ಪ್ರಕಾರ ಖಾನ್ 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗ ಆಳಿದ. ಆ ವರ್ಷಗಳು ಬಂದುಹೋದವು. 1996ರಲ್ಲೇ ವಾಯೇಜರ್ ತಂಡ ಅದೇ ಇಸವಿಯ ಲಾಸ್ ಏಂಜಲೀಸ್‌ಗೆ ಬಂದಿಳಿಯಿತು. ಖಾನ್‌ನ ಆಳ್ವಿಕೆಯ ಸುಳಿವೂ ಇರಲಿಲ್ಲ. ತಾರೀಕು ಹಿಡಿದರೆ ಸ್ಟಾರ್ ಟ್ರೆಕ್ ನಮ್ಮ ಭವಿಷ್ಯವಲ್ಲ, ಇನ್ಯಾವುದೋ ಭೂಮಿಯ ಕಥೆ. ನಮ್ಮದೇ ಭವಿಷ್ಯ ಅಂದರೆ ತಾರೀಕು ಬಿಡಬೇಕು. ಜೀನ್ ರಾಡನ್‌ಬೆರಿ ಕಟ್ಟಿದ ಲೋಕದ ಆಸೆಯೇ ಎರಡನೆಯದರಲ್ಲಿದೆ: ಇಷ್ಟೆಲ್ಲ ಜಗಳವಾಡುವ ನಾವೇ ಒಂದು ದಿನ ಅಲ್ಲಿಗೆ ಮುಟ್ಟುತ್ತೇವೆ ಅನ್ನುವುದು. 2023ರಲ್ಲಿ ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ತಾರೀಕು ಬಿಟ್ಟಿತು. ಖಾನ್‌ನನ್ನು ಮುಗಿಸಲು ಬಂದ ರೋಮ್ಯುಲನ್ ಗೂಢಚಾರಿಣಿಯೊಬ್ಬಳು, ಇದೆಲ್ಲ 1992ರಲ್ಲೇ ಆಗಬೇಕಿತ್ತು, ಕಾಲದ ಜೊತೆ ಎಲ್ಲರೂ ಆಟವಾಡಿ ಮುಂದೆ ಹೋಯಿತು, ಮೂವತ್ತು ವರ್ಷದಿಂದ ಇಲ್ಲೇ ಕೊಳೆಯುತ್ತಿದ್ದೇನೆ ಅಂತ ರೇಗುತ್ತಾಳೆ. ಒಂದೆರಡು ಸಾಲು, ಅದೂ ಒಬ್ಬಳ ಸಿಟ್ಟಿನಲ್ಲಿ. ವೈರಸ್ ಬೇಕಾಗಲಿಲ್ಲ.

ಇದೇ ಸೀರೀಸ್‌ನಲ್ಲಿ ಕ್ಯಾನನ್‌ನ ಅತ್ಯಂತ ಒಳ್ಳೆಯ ಬಳಕೆಯೂ ಇದೆ. ಅದರ ಮೂಲ ಮಾತ್ರ ತೀರಾ ಆಕಸ್ಮಿಕ. ಸ್ಟಾರ್ ಟ್ರೆಕ್‌ನ ಮೊದಲ ಪೈಲಟ್ ಎಪಿಸೋಡಿನಲ್ಲಿ, ಅಂದರೆ ಚಾನೆಲ್‌ಗೆ ತೋರಿಸಲು ಮಾಡಿದ ಮಾದರಿಯಲ್ಲಿ, ಕ್ಯಾಪ್ಟನ್ ಆಗಿದ್ದವನು ಕ್ರಿಸ್ಟೋಫರ್ ಪೈಕ್, ನಟ ಜೆಫ್ರಿ ಹಂಟರ್. ಎನ್‌ಬಿಸಿ ಆ ಪೈಲಟನ್ನು ಒಪ್ಪಲಿಲ್ಲ. ಎರಡನೆಯದಕ್ಕೆ ಹಂಟರ್ ಬರಲಿಲ್ಲ, ಕರ್ಕ್ ಬಂದ. 1966ರ ಕೊನೆಗೆ ಎಪಿಸೋಡುಗಳಿಗೆ ಸಮಯ ಸಾಲದೆ ಹೋದಾಗ ಆ ಹಳೆಯ ಫಿಲ್ಮನ್ನು ಹೊಸ ಕಥೆಯೊಳಗೆ ಸೇರಿಸಿ ‘ದಿ ಮೆನಾಜರಿ’ ಎಂಬ ಎರಡು ಭಾಗದ ಎಪಿಸೋಡ್ ಮಾಡಿದರು. ಹಂಟರ್ ಇಲ್ಲವಲ್ಲ, ಅದಕ್ಕೆ ಬೇರೊಬ್ಬ ನಟನಿಗೆ ಸುಟ್ಟ ಮುಖದ ಮೇಕಪ್ ಹಾಕಿ ಗಾಲಿಕುರ್ಚಿಯಲ್ಲಿ ಕೂರಿಸಿದರು. ಪೈಕ್ ಕೆಡೆಟ್‌ಗಳನ್ನು ಉಳಿಸಲು ಹೋಗಿ ವಿಕಿರಣಕ್ಕೆ ಸಿಕ್ಕಿದ್ದಾನೆ, ಮಾತು ಹೋಗಿದೆ. ಹೌದು, ಇಲ್ಲ ಅನ್ನಲು ಕುರ್ಚಿಯ ದೀಪ ಮಿನುಗುತ್ತದೆ ಅಷ್ಟೇ.

ಐವತ್ತು ವರ್ಷದ ಮೇಲೆ ಪೈಕ್‌ನನ್ನೇ ನಾಯಕ ಮಾಡಿ ಸೀರೀಸ್ ಮಾಡುವಾಗ ಈ ಕುರ್ಚಿ ದೊಡ್ಡ ಅಡ್ಡಿ ಆಗಬಹುದಿತ್ತು. ಅದನ್ನು ತಪ್ಪಿಸುವ ದಾರಿಯನ್ನು ಬರಹಗಾರರು ಹುಡುಕಲಿಲ್ಲ. ಅದನ್ನು ಪೈಕ್‌ನ ಕಣ್ಣ ಮುಂದೆಯೇ ಇಟ್ಟರು. 2019ರ ಡಿಸ್ಕವರಿಯಲ್ಲಿ ಅವನಿಗೆ ತನ್ನ ಭವಿಷ್ಯ ಕಾಣುತ್ತದೆ. ಬೇರೆಯವರನ್ನು ಉಳಿಸುವ ಹರಳು ಕೈಗೆ ತೆಗೆದುಕೊಂಡರೆ ಆ ಭವಿಷ್ಯ ಖಚಿತ. ಅವನು ತೆಗೆದುಕೊಳ್ಳುತ್ತಾನೆ. ಇದೇ ಡಿಸ್ಕವರಿ, ಇದೇ ಸೀಸನ್. ರಾಜದ್ರೋಹದ ಉಪಾಯ ಬರುವುದಕ್ಕೆ ಕೆಲವೇ ವಾರ ಮುಂಚೆ. ಒಂದೇ ತಂಡ ಎರಡನ್ನೂ ಬರೆದದ್ದು ನನಗೆ ಇವತ್ತಿಗೂ ಸೋಜಿಗ.

ಅಲ್ಲಿಂದ ಮುಂದೆ ಪೈಕ್ ನಗುವಾಗ, ಸಹೋದ್ಯೋಗಿಗಳಿಗೆ ಅಡುಗೆ ಮಾಡಿ ಬಡಿಸುವಾಗ, ನಮಗೂ ಗೊತ್ತು, ಅವನಿಗೂ ಗೊತ್ತು. 2022ರಲ್ಲಿ ಮೊದಲ ಸೀಸನ್‌ನ ಕೊನೆಗೆ ಅವನು ಆ ಕೆಡೆಟ್‌ಗಳಲ್ಲಿ ಒಬ್ಬನನ್ನು ಹುಡುಗನಾಗಿ ಭೇಟಿಯಾಗುತ್ತಾನೆ. ಎಚ್ಚರಿಸುವ ಪತ್ರ ಬರೆಯಲು ಕೂರುತ್ತಾನೆ. ಆಗ ಅವನಿಗೆ ಇನ್ನೊಂದು ಭವಿಷ್ಯ ತೋರಿಸಲಾಗುತ್ತದೆ. 1966ರ ‘ಬ್ಯಾಲೆನ್ಸ್ ಆಫ್ ಟೆರರ್’ ಎಪಿಸೋಡಿನಲ್ಲಿ ಕರ್ಕ್ ರೋಮ್ಯುಲನ್ ಹಡಗನ್ನು ಎದುರಿಸಿದ ಅದೇ ಘಟನೆ, ಆದರೆ ಕರ್ಕ್ ಜಾಗದಲ್ಲಿ ಪೈಕ್ ಇದ್ದಾನೆ. ಅವನ ಒಳ್ಳೆಯತನವೇ ಯುದ್ಧಕ್ಕೆ ದಾರಿಯಾಗುತ್ತದೆ, ಸ್ಪಾಕ್ ಸಾಯುವ ಸ್ಥಿತಿಗೆ ಬರುತ್ತಾನೆ. ಪೈಕ್ ಪತ್ರ ಕಳಿಸುವುದಿಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲ ಅಂತ ಗೊತ್ತಿದ್ದೂ ಕೇಳುತ್ತೇವಲ್ಲ, ಹಾಗೆ. ಅಂತ್ಯ ಗೊತ್ತಿರುವುದರಿಂದಲೇ ನಡುವಿನ ಪ್ರತಿ ಹೆಜ್ಜೆಗೂ ತೂಕ ಬರುತ್ತದೆ. ಹಳೆಯ ಎಪಿಸೋಡನ್ನು ಮತ್ತೆ ನೋಡಿದರೆ ಆ ಮಿನುಗುವ ದೀಪದ ಹಿಂದೆ ಈಗ ಒಬ್ಬ ಮನುಷ್ಯ ಇದ್ದಾನೆ. ಹೊಸದು ಹಳೆಯದನ್ನು ತಿದ್ದಲಿಲ್ಲ, ಹಳೆಯದಕ್ಕೆ ಇನ್ನಷ್ಟು ಕೊಟ್ಟಿತು.

ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಐದನೇ ಸೀಸನ್‌ಗೆ ಮುಗಿಯುತ್ತದೆ ಅಂತ 2025ರಲ್ಲಿ ಪ್ರಕಟಿಸಿದರು, ಆ ಸೀಸನ್‌ಗೆ ಆರೇ ಎಪಿಸೋಡು. ಅಷ್ಟರಲ್ಲಿ ಕಥೆ ಕರ್ಕ್‌ನ ಕಾಲದ ಹೊಸ್ತಿಲಿಗೆ ಬರಬೇಕು. ಸಮವಸ್ತ್ರದ ಬಣ್ಣ ಹೊಂದಿತಾ, ಹಡಗಿನ ಕಿಟಕಿ ಎಷ್ಟು ಅಂತ ಎಣಿಸುವವರು ಎಣಿಸಲಿ. ನಾನು ನೋಡುವುದು ಒಂದನ್ನೇ. ಜನಪ್ರಿಯ ನಾಯಕನನ್ನು ಆ ಕುರ್ಚಿಗೆ ಬಿಡಲು ಮನಸ್ಸಾಗದೆ, ಕೊನೆ ಗಳಿಗೆಯಲ್ಲಿ ಯಾವುದಾದರೂ ಹರಳು, ಯಾವುದಾದರೂ ಟೈಮ್‌ಲೈನ್ ಹುಡುಕಿಕೊಂಡು ಬರುತ್ತಾರಾ, ಅಥವಾ ಅವನು ಕೊಟ್ಟ ಮಾತನ್ನು ಅವನಿಗೇ ಉಳಿಸಿಕೊಳ್ಳಲು ಬಿಡುತ್ತಾರಾ ಅಂತ.